ಧ್ರುವಪೀಠಭೂಮಿಯ ವರ್ಣನೆಯೂ ಸ್ವಭಾವೋಕ್ತಿಯ ವಿಚಾರವೂ

ದಕ್ಷಿಣಧ್ರುವವನ್ನು ಒಳಗೊಂಡಿರುವ ಉನ್ನತವಾದ ಹಿಮಪೀಠಭೂಮಿಯ ವಿಷಯವಾಗಿ ಇಪ್ಪತ್ತನೆಯ ಶತಮಾನದಲ್ಲಿ ಹುಟ್ಟಿದ ಯಾತ್ರಾಗ್ರಂಥಗಳಲ್ಲಿ ನಾಲ್ಕು ವಿಶೇಷವಾಗಿ ಪರಿಶೀಲನಾರ್ಹವಾಗಿವೆ. ೧೯೦೯ರಲ್ಲಿ ಅರ್ನೆಸ್ಟ್ ಷ್ಯಾಕಲ್ಟನ್ ಪ್ರಕಟಿಸಿದ ‘ದಿ ಹಾರ್ಟ್ ಆಫ್ ದಿ ಅಂಟಾರ್ಕ್ಟಿಕ್’, ೧೯೧೨ರಲ್ಲಿ ಹೊರಬಂದ ರೋಆಲ್ಡ್ ಅಮುಂಡ್ಸೆನ್ನನ ‘ದಿ ಸೌತ್ ಪೋಲ್’, ೧೯೧೩ರಲ್ಲಿ ‘ಸ್ಕಾಟ್ಸ್ ಲಾಸ್ಟ್ ಎಕ್ಸ್‌ಪೆಡಿಷನ್’ ಎಂಬ ಹೆಸರಿನಿಂದ ಅಚ್ಚಾದ ರಾಬರ್ಟ್ ಫಾಲ್ಕನ್ ಸ್ಕಾಟನ ದಿನಚರಿ, ೧೯೫೯ರಲ್ಲಿ ಪ್ರಕಟವಾದ ಪಾಲ್ ಸೈಪಲ್‌ನ ‘೯೦ ಡಿಗ್ರೀಸ್ ಸೌತ್’ — ಇವೇ ಆ ನಾಲ್ಕು. ಇವನ್ನು ಭೂಗೋಳದ ಆಕರಗಳೆಂದು ಓದುವವರು ಒಂದು ಪಂಗಡ. ಧೀರಪುರುಷರ ಚರಿತ್ರೆಗಳೆಂದು ಓದುವವರು ಮತ್ತೊಂದು ಪಂಗಡ. ಆದರೆ ಇವುಗಳಲ್ಲಿ ಯಾವ ಭಾಗವು ಸಾಹಿತ್ಯ, ಯಾವುದು ಬರಿಯ ವರದಿ ಎಂದು ನಿಷ್ಕರ್ಷಿಸುವುದು ಈ ಎರಡು ಬಗೆಯ ಓದಿಗಿಂತಲೂ ಬೇರೆಯಾದ ಕಾರ್ಯ. ಆ ನಿಷ್ಕರ್ಷೆಗೆ, ಭಾರತೀಯ ಅಲಂಕಾರಶಾಸ್ತ್ರದಲ್ಲಿ ಸ್ವಭಾವೋಕ್ತಿಯನ್ನು ಕುರಿತು ನಡೆದಿರುವ ವಾದವು ತಕ್ಕ ಒರೆಗಲ್ಲಾಗಿ ಒದಗುತ್ತದೆ.

ಆ ವಾದದ ಸ್ವರೂಪವನ್ನು ಸಂಗ್ರಹವಾಗಿ ಹೇಳಬಹುದು. ಸೂರ್ಯನು ಮುಳುಗಿದನು, ಚಂದ್ರನು ಬೆಳಗುತ್ತಿದ್ದಾನೆ, ಹಕ್ಕಿಗಳು ಗೂಡಿಗೆ ಹೋಗುತ್ತಿವೆ ಎಂಬಂಥ ಮಾತು ಕಾವ್ಯವೇ ಎಂದು ಕೇಳಿ, ಅದು ಕೇವಲ ವಾರ್ತೆಯೆಂದು ಭಾಮಹನು ತಳ್ಳಿಹಾಕಿದನು. ದಂಡಿಯಾದರೋ, ವಸ್ತುವಿನ ರೂಪವನ್ನು ಸಾಕ್ಷಾತ್ತಾಗಿ ತೋರಿಸುವ ಸ್ವಭಾವೋಕ್ತಿಗೆ, ಅಂದರೆ ಜಾತಿಗೆ, ಅಲಂಕಾರಗಳಲ್ಲೆಲ್ಲ ಮೊದಲ ಸ್ಥಾನವನ್ನು ಕೊಟ್ಟನು. ಸ್ವಭಾವವು ಕಾವ್ಯದ ಶರೀರವಾದುದರಿಂದ ಅದೇ ಅಲಂಕಾರವಾಗಲಾರದೆಂದು ಕುಂತಕನು ಆಕ್ಷೇಪಿಸಿದನು. ಈ ವಿವಾದದಲ್ಲಿ ಮಹಿಮಭಟ್ಟನು ಮಾಡಿದ ವಿಭಾಗವು ಬಹಳ ಬೆಲೆಯುಳ್ಳದ್ದು. ವಸ್ತುವಿಗೆ ಸಾಮಾನ್ಯರೂಪವೆಂದೂ ವಿಶಿಷ್ಟರೂಪವೆಂದೂ ಎರಡುಂಟು. ಎಲ್ಲರ ಮಾತಿಗೂ ಸಿಕ್ಕುವುದು ಸಾಮಾನ್ಯ, ಪ್ರತ್ಯಕ್ಷಕ್ಕೆ ಮಾತ್ರ ಗೋಚರಿಸುವುದು ವಿಶಿಷ್ಟ. ಸತ್ಕವಿಯ ವಾಣಿಗೆ ವಿಷಯವಾಗತಕ್ಕದ್ದು ಈ ಎರಡನೆಯದೇ — ಎಂಬುದು ಅವನ ಮತದ ಸಾರ.

ಇನ್ನು ವರ್ಣ್ಯವಾದ ಭೂಮಿಯ ವಿಷಯ. ಹಿಮದ ವರ್ಣನೆ ಎಂದೊಡನೆ ಸಂಸ್ಕೃತಾಭ್ಯಾಸಿಗಳಿಗೆ ಕಾಳಿದಾಸನ ಹಿಮಾಲಯವು ನೆನಪಿಗೆ ಬರುವುದು ಸಹಜ. ಆದರೆ ಕುಮಾರಸಂಭವದ ಆದಿಯಲ್ಲಿ ಹಿಮವು ಪರ್ವತಕ್ಕೆ ಒಂದು ದೋಷವೆಂದೇ ಎಣಿಕೆಯಾಗಿದೆ. ಅನಂತವಾದ ರತ್ನಗಳ ನಡುವೆ ಆ ಒಂದು ದೋಷವು ಅಡಗಿಹೋಗುವುದೆಂದು ಕವಿಯ ಸಮಾಧಾನ. ಓಷಧಿಗಳು, ಆನೆಗಳು, ಕಿನ್ನರಮಿಥುನಗಳು, ಮೇಘಗಳು ಇವೆಲ್ಲವೂ ಅಲ್ಲಿ ಉದ್ದೀಪನಕ್ಕೆ ನೆರವಾಗುತ್ತವೆ. ಧ್ರುವಪೀಠಭೂಮಿಯಲ್ಲಾದರೋ ದೋಷವನ್ನು ಮರೆಸತಕ್ಕ ಗುಣಗಳೇ ಇಲ್ಲ. ಸರಾಸರಿ ಸುಮಾರು ೩,೦೦೦ ಮೀಟರ್ ಎತ್ತರದಲ್ಲಿ ನೂರಾರು ಮೈಲಿ ಹರಡಿರುವ ಆ ಬಯಲಿನಲ್ಲಿ ಗಿಡವಿಲ್ಲ, ಹೊಳೆಯಿಲ್ಲ, ಗೂಡುಕಟ್ಟುವ ಹಕ್ಕಿಯಿಲ್ಲ. ಧ್ರುವಬಿಂದುವಿನ ಎತ್ತರ ೨,೮೩೫ ಮೀಟರ್. ಅದರಲ್ಲಿ ಸುಮಾರು ೨,೭೦೦ ಮೀಟರಿನಷ್ಟು ಬರಿಯ ಮಂಜುಗಡ್ಡೆ. ಆರ್ಗಸ್ ಎಂಬ ಹಿಮಗುಮ್ಮಟದಲ್ಲಿ ಈ ಪೀಠಭೂಮಿಯು ಸುಮಾರು ೪,೦೯೦ ಮೀಟರ್ ಎತ್ತರಕ್ಕೆ ಏರುತ್ತದೆ. ಆದರೂ ಏರಿಕೆ ಎಷ್ಟು ಸಾವಧಾನವಾದುದೆಂದರೆ ನಡೆಯುವವನ ಕಣ್ಣಿಗೆ ಅದು ಸಮತಲದಂತೆಯೇ ತೋರುವುದು. ಧ್ರುವದಲ್ಲಿ ಸೂರ್ಯನು ಸೆಪ್ಟೆಂಬರಿನ ಕೊನೆಯ ಭಾಗದಲ್ಲಿ ಒಮ್ಮೆ ಹುಟ್ಟಿ ಮಾರ್ಚಿಯ ಕೊನೆಯ ಭಾಗದಲ್ಲಿ ಒಮ್ಮೆ ಮುಳುಗುತ್ತಾನೆ. ಭಾಮಹನು ವಾರ್ತೆಯೆಂದು ಹಳಿದ ಆ ಮಾತನ್ನು ಅಲ್ಲಿ ವಾರ್ತೆಯಾಗಿ ಹೇಳುವುದಕ್ಕೂ ವರ್ಷಕ್ಕೊಂದೇ ಅವಕಾಶ. ಹಕ್ಕಿಗಳ ಮಾತಿಗಂತೂ ಅದೂ ಇಲ್ಲ.

ಇಲ್ಲಿ ಪೂರ್ವಪಕ್ಷವು ಹೀಗೆ ಏಳಬಹುದು: ವರ್ಣಿಸುವುದಕ್ಕೆ ವಸ್ತುವೇ ಇಲ್ಲದ ದೇಶದಲ್ಲಿ ಸ್ವಭಾವೋಕ್ತಿಗೆ ಆಸ್ಪದವೆಲ್ಲಿ? ಅಂಥ ಸ್ಥಳದ ಗ್ರಂಥದಲ್ಲಿ ಯಾತ್ರಿಕನ ಚಿತ್ತವೃತ್ತಿಯೊಂದೇ ಸಾಹಿತ್ಯ. ಉಳಿದ ಉಷ್ಣಮಾನ, ಗಾಳಿಯ ಬಲ, ನಡೆದ ಮೈಲಿಗಳ ಲೆಕ್ಕ ಇವೆಲ್ಲ ಗಣಿತದ ಪುಸ್ತಕಕ್ಕೆ ಸೇರತಕ್ಕವು. ಸ್ಕಾಟನ ಗ್ರಂಥದಿಂದ ಆರಿಸಿ ತೆಗೆದು ಕೊಂಡಾಡಲ್ಪಡುವ ಭಾಗಗಳೂ ಈ ಅಭಿಪ್ರಾಯಕ್ಕೆ ಅನುಗುಣವಾಗಿಯೇ ಇವೆ. ಧ್ರುವದಲ್ಲಿ ಅವನು ದೇವರನ್ನು ಕೂಗಿ ಅದನ್ನು ಘೋರಸ್ಥಾನವೆಂದು ಕರೆದ ಉದ್ಗಾರವೂ, ಸಾವಿನ ಮುಂದೆ ಬರೆದಿಟ್ಟ ಸಾರ್ವಜನಿಕ ಸಂದೇಶವೂ ಸಾವಿರ ಕಡೆ ಉದ್ಧೃತವಾಗಿವೆ. ಅದೇ ಪುಟಗಳಲ್ಲಿರುವ ಅಂಕಿಗಳನ್ನು ಕಣ್ಣು ಹಾರಿಸಿಬಿಡುತ್ತದೆ. ಈ ಪಕ್ಷವು ಸಾಧುವೇ ಎಂಬುದು ವಿಚಾರಣೀಯ.

ಪೀಠಭೂಮಿಯನ್ನು ಮಾತಿನಲ್ಲಿ ಹಿಡಿಯಲು ಈ ಗ್ರಂಥಕರ್ತರು ಹೂಡಿದ ಉಪಾಯಗಳು ಮೂರು: ನಾಮಕರಣ, ಉದ್ಗಾರ, ಸ್ವಭಾವೋಕ್ತಿ. ಮೊದಲನೆಯದು ಬಹು ಬೇಗ ಸೋಲುತ್ತದೆ. ೧೯೦೯ರ ಜನವರಿ ೯ರಂದು ೮೮ ಡಿಗ್ರಿ ೨೩ ಮಿನಿಟು ದಕ್ಷಿಣ ಅಕ್ಷಾಂಶವನ್ನು ಮುಟ್ಟಿದ ಷ್ಯಾಕಲ್ಟನ್ ಆ ಬಯಲಿಗೆ ಇಂಗ್ಲೆಂಡಿನ ಏಳನೆಯ ಎಡ್ವರ್ಡ್ ದೊರೆಯ ಹೆಸರನ್ನಿಟ್ಟನು. ಮೂರು ವರ್ಷ ತುಂಬುವುದರೊಳಗೆ, ೧೯೧೧ರ ಡಿಸೆಂಬರ್ ೧೪ರಂದು ಧ್ರುವವನ್ನು ಸೇರಿದ ಅಮುಂಡ್ಸೆನ್ ಅದಕ್ಕೇ ನಾರ್ವೆಯ ಏಳನೆಯ ಹೋಕನ್ ದೊರೆಯ ಹೆಸರನ್ನಿಟ್ಟನು. ಒಂದೇ ಹಿಮಕ್ಕೆ ಇಬ್ಬರು ಏಳನೆಯವರು! ಈ ಹೆಸರುಗಳಿಂದ ಓದುವವನಿಗೆ ಭೂಮಿಯ ಒಂದು ಲಕ್ಷಣವೂ ತಿಳಿಯುವುದಿಲ್ಲ. ಮೇಲಾಗಿ, ಧ್ರುವದ ಬಳಿಯ ಮಂಜುಗಡ್ಡೆಯ ಹಾಸು ವರ್ಷಕ್ಕೆ ಸುಮಾರು ೧೦ ಮೀಟರಿನಂತೆ ಜರುಗುತ್ತಿರುವುದರಿಂದ ಅಲ್ಲಿಯ ಗುರುತಿನ ಕಂಬವನ್ನು ಪ್ರತಿವರ್ಷವೂ ಹೊಸದಾಗಿ ನೆಡಬೇಕಾಗುತ್ತದೆ. ಅಮುಂಡ್ಸೆನ್ ಬಿಟ್ಟುಬಂದ ಡೇರೆಯು ಹಿಮದಲ್ಲಿ ಹೂತು, ತಾನು ನಿಂತಿದ್ದ ಬಿಂದುವಿನಿಂದ ಒಂದು ಕಿಲೋಮೀಟರಿಗಿಂತಲೂ ಹೆಚ್ಚು ದೂರ ಸಾಗಿಹೋಗಿರಬೇಕು. ಹೆಸರಿಟ್ಟ ನೆಲವೇ ಹೆಸರಿನಡಿಯಿಂದ ಸರಿದುಹೋಗುವ ದೇಶವಿದು.

ಎರಡನೆಯದಾದ ಉದ್ಗಾರವನ್ನು ಪರೀಕ್ಷಿಸುವಾಗ ಒಂದು ಪಾಠಭೇದವನ್ನು ಗಮನಿಸಲೇಬೇಕು. ೧೯೧೨ರ ಜನವರಿ ೧೭ರಂದು ಧ್ರುವವನ್ನು ಸೇರಿದ ಸ್ಕಾಟನು, ಮುಂದೆ ಮನೆಯ ಕಡೆಗಿನ ಓಟವೂ ಕಠಿನವಾದ ಹೋರಾಟವೂ ಉಳಿದಿವೆಯೆಂದು ಬರೆದನೆಂಬುದು ೧೯೧೩ರ ಅಚ್ಚಿನ ಪಾಠ. ಹಸ್ತಪ್ರತಿಯಲ್ಲಿ ಆ ಹೋರಾಟವು ಸುದ್ದಿಯನ್ನು ಮೊದಲು ಮುಟ್ಟಿಸುವುದಕ್ಕಾಗಿ ಎಂಬರ್ಥದ ಮಾತುಗಳೂ ಇದ್ದುವು. ಅಚ್ಚಿನಲ್ಲಿ ಅವುಗಳನ್ನು ಬಿಟ್ಟರು. ೨೦೦೫ರಲ್ಲಿ ಮ್ಯಾಕ್ಸ್ ಜೋನ್ಸ್ ಸಂಪಾದಿಸಿದ ಆವೃತ್ತಿಯಿಂದ ಇಂಥ ವ್ಯತ್ಯಾಸಗಳನ್ನು ಓದುಗರು ಕಾಣಬಹುದು. ಬಿಟ್ಟದ್ದು ಕೆಲವೇ ಪದಗಳಾದರೂ ಅರ್ಥದಲ್ಲಾದ ಪಲ್ಲಟ ಅಲ್ಪವಲ್ಲ. ಮೂಲದಲ್ಲಿ ಹೋರಾಟವು ಪ್ರತಿಸ್ಪರ್ಧಿಯ ತಂತಿವರ್ತಮಾನದೊಡನೆ. ಅಚ್ಚಿನಲ್ಲಿ ಅದು ಹಿಮದೊಡನೆ, ಮೃತ್ಯುವಿನೊಡನೆ. ಆ ದಿನ ಅವನಿಗೆ ತಿಳಿಯದಿದ್ದ ಪರಿಣಾಮವನ್ನು ಸಂಪಾದಕರು ಪದಲೋಪದಿಂದ ಮುನ್ಸೂಚಿಸಿದಂತಾಯಿತು. ಘೋರಸ್ಥಾನವೆಂಬ ವಿಶೇಷಣವೂ ಇದೇ ನೆರಳಿನಲ್ಲಿ ಇಮ್ಮಡಿಯಾಗಿ ಕಾಣುತ್ತದೆ. ಉದ್ಗಾರವು ಮಿಥ್ಯೆಯೆಂದಲ್ಲ, ಅದು ಸಾಮಾನ್ಯವೆಂದಷ್ಟೆ. ಘೋರವೆಂಬ ಮಾತನ್ನು ಮರುಭೂಮಿಗೂ ಶ್ಮಶಾನಕ್ಕೂ ಹೇಳಬಹುದು.

ಆದರೆ ಅದೇ ದಿನದ ಬರಹದಲ್ಲಿ, ಉದ್ಗಾರದ ಮಗ್ಗುಲಲ್ಲೇ, ಬೇರೆ ಜಾತಿಯ ಮಾತುಗಳಿವೆ. ಹೊರಟಾಗ ಉಷ್ಣಮಾನವು ಫ್ಯಾರನ್‌ಹೀಟಿನ ಸೊನ್ನೆಗಿಂತ ೨೨ ಡಿಗ್ರಿ ಕೆಳಗೆ, ಎಂದರೆ ಸೆಲ್ಸಿಯಸ್ಸಿನ ಸೊನ್ನೆಗಿಂತ ೩೦ ಡಿಗ್ರಿ ಕೆಳಗೆ, ಇದಿರುಗಾಳಿ, ಗಾಳಿಯಲ್ಲಿ ಎಲುಬನ್ನು ಕೊರೆಯುವ ಒಂದು ವಿಚಿತ್ರವಾದ ತೇವದ ಅನುಭವ. ಈ ‘ತೇವ’ವೆಂಬುದು ವಿಮರ್ಶಕನು ನಿಲ್ಲಬೇಕಾದ ಎಡೆ. ಅಷ್ಟು ಶೈತ್ಯದಲ್ಲಿ ಒಂದು ಘನಮೀಟರ್ ಗಾಳಿಯು ಅರ್ಧ ಗ್ರಾಮಿನಷ್ಟು ನೀರಾವಿಯನ್ನೂ ಹಿಡಿಯಲಾರದು. ಪರಿಮಾಣದಿಂದ ನೋಡಿದರೆ ಭೂಮಿಯ ಅತ್ಯಂತ ಒಣಗಾಳಿಗಳಲ್ಲಿ ಅದೂ ಒಂದು. ಆದರೆ ಹಿಡಿಯಬಲ್ಲ ಆ ಅತ್ಯಲ್ಪದಿಂದ ಅದು ಹಲವು ವೇಳೆ ತುಂಬಿಯೇ ಇರುವುದರಿಂದ ಸೂಕ್ಷ್ಮವಾದ ಹಿಮಕಣಗಳು ಗಾಳಿಯಲ್ಲಿ ತೇಲುತ್ತವೆ. ಆದಕಾರಣ ಮೈಗೆ ತೋರಿದ ತೇವವು ಒಂದು ದೃಷ್ಟಿಯಿಂದ ಭ್ರಮೆ, ಇನ್ನೊಂದರಿಂದ ಪ್ರಮೆ. ಗ್ರಂಥಾಲಯದಲ್ಲಿ ಕುಳಿತು ಧ್ರುವವನ್ನು ಕಲ್ಪಿಸುವವನು ಒಣಶೈತ್ಯವೆಂದು ಬರೆದಾನು. ‘ತೇವ’ವೆಂದು ಬರೆಯಲು ಅಲ್ಲಿ ನಿಂತವನೇ ಬೇಕು. ಮಹಿಮಭಟ್ಟನು ಹೇಳಿದ ವಿಶಿಷ್ಟರೂಪವೆಂದರೆ ಇದೇ.

ಇದಕ್ಕಿಂತ ಉತ್ಕೃಷ್ಟವಾದ ನಿದರ್ಶನವು ಮರಳಿನ ಉಪಮೆ. ಪೀಠಭೂಮಿಯ ಮೇಲೆ ಜಾರುಬಂಡಿಯನ್ನೆಳೆಯುವಾಗ ಹೊಸ ಹಿಮವು ಮರಳಿನಂತಿತ್ತೆಂದು ಸ್ಕಾಟನು ಪದೇ ಪದೇ ದೂರುತ್ತಾನೆ. ಬಿಳುಪಿಗೆ ಕ್ಷೀರಸಾಗರವನ್ನೋ ಶರಶ್ಚಂದ್ರಿಕೆಯನ್ನೋ ತರುವ ಅಭ್ಯಾಸವುಳ್ಳವರಿಗೆ ಹಿಮಕ್ಕೆ ಮರಳಿನ ಸಾದೃಶ್ಯವು ಗ್ರಾಮ್ಯವಾಗಿ ಕಂಡೀತು. ಅದರ ಸಾಧಾರಣಧರ್ಮವನ್ನು ವಿಚಾರಿಸಿದರೆ ಮಾತಿನ ಬೆಲೆ ತಿಳಿಯುತ್ತದೆ. ಕರಗುವ ಬಿಂದುವಿಗೆ ಸಮೀಪವಾದ ಹಿಮದ ಮೇಲೆ ಬಂಡಿಯ ಅಡಿಪಟ್ಟಿ ಉಜ್ಜಿದಾಗ ತೆಳುವಾದ ನೀರಿನ ಪೊರೆಯೊಂದು ಉಂಟಾಗಿ ಜಾರುವಿಕೆಯನ್ನು ಸುಲಭಗೊಳಿಸುತ್ತದೆ. ಸೊನ್ನೆಗಿಂತ ೩೦ ಡಿಗ್ರಿ ಸೆಲ್ಸಿಯಸ್ಸಿನಷ್ಟು ಕೆಳಗೆ ಆ ಪೊರೆ ಬಹುಮಟ್ಟಿಗೆ ಹುಟ್ಟುವುದಿಲ್ಲ. ಹರಳುಗಳು ಮರಳಿನ ಕಣಗಳಂತೆಯೇ ಅಡಿಪಟ್ಟಿಯನ್ನು ಹಿಡಿಯುತ್ತವೆ. ಐದು ಜನ ತಮ್ಮ ಮೈಬಲದಿಂದಲೇ ಬಂಡಿಯನ್ನೆಳೆಯುತ್ತಿದ್ದಾಗ ಇದು ದಿನಕ್ಕೆ ಎಷ್ಟು ಮೈಲಿ ಸಾಗಬಹುದೆಂಬ ಪ್ರಶ್ನೆ, ಎಂದರೆ ಜೀವದ ಪ್ರಶ್ನೆ. ಇಷ್ಟು ಸ್ಕಾಟನಿಗೆ ಅನುಭವವೇದ್ಯ. ಆದರೆ ಆ ಉಪಮೆಗೆ ಅವನು ಅಳೆಯದಿದ್ದ ಎರಡನೆಯ ಸತ್ಯವೂ ಉಂಟು. ಪೀಠಭೂಮಿಯ ಎತ್ತರವಾದ ಗುಮ್ಮಟಗಳ ಮೇಲೆ ವರ್ಷವೆಲ್ಲ ಬೀಳುವ ಹಿಮವನ್ನು ಕರಗಿಸಿ ಅಳೆದರೆ ೫೦ ಮಿಲಿಮೀಟರಿನಷ್ಟೂ ಆಗುವುದಿಲ್ಲ. ಮಳೆಯ ಲೆಕ್ಕದಲ್ಲಿ ಅದು ನಿಜವಾದ ಮರುಭೂಮಿ. ಹೀಗೆ ಒಂದೇ ಉಪಮೆಯು ಘರ್ಷಣೆಯಿಂದಲೂ ಅನಾವೃಷ್ಟಿಯಿಂದಲೂ ಸಾರ್ಥಕವಾಯಿತು. ಅಲಂಕಾರಕ್ಕಾಗಿ ಹುಡುಕಿ ತಂದ ಉಪಮೆಗೆ ಇಂಥ ಭಾಗ್ಯವು ಅಪೂರ್ವ.

ಮೂರನೆಯ ನಿದರ್ಶನ ಇನ್ನೂ ಸರಳ. ನಾಲ್ವರಿಗೆಂದು ಸಿದ್ಧಪಡಿಸಿದ್ದ ಪಂಗಡಕ್ಕೆ ಐದನೆಯವನನ್ನು ಸೇರಿಸಿಕೊಂಡು ಸ್ಕಾಟನು ೧೯೧೨ರ ಜನವರಿ ಆದಿಯಲ್ಲಿ ಮುಂದುವರಿದನು. ಅದಾದ ಮರುದಿನಗಳಲ್ಲೇ ಐವರಿಗೆ ಅಡಿಗೆ ಮಾಡಲು ನಾಲ್ವರಿಗಿಂತ ಹೆಚ್ಚು ಹೊತ್ತು ಹಿಡಿಯುವುದೆಂದೂ, ದಿನಕ್ಕೆ ಪ್ರಾಯಶಃ ಅರ್ಧಗಂಟೆ ಹೆಚ್ಚಾಗುವುದೆಂದೂ ಅವನು ಗುರುತುಮಾಡಿಟ್ಟಿದ್ದಾನೆ. ಕುಡಿಯುವ ಒಂದೊಂದು ತೊಟ್ಟು ನೀರನ್ನೂ ಗಡ್ಡೆಗಟ್ಟಿದ ಹಿಮದಿಂದ ಕರಗಿಸಿ ಪಡೆಯಬೇಕಾದ ದೇಶದಲ್ಲಿ ಅರ್ಧಗಂಟೆಯೆಂದರೆ ಎಣ್ಣೆ, ನಿದ್ದೆ, ನಡಿಗೆ ಮೂರರಿಂದಲೂ ಕಳೆಯತಕ್ಕ ವ್ಯಯ. ಸಂದೇಶದ ಗಂಭೀರವಾದ ವಾಕ್ಯಗಳಲ್ಲಿ ಕಾಣದ ಕರುಣಕ್ಕೆ ಈ ಲೆಕ್ಕದಲ್ಲಿ ಬೀಜವಿದೆ. ಬರೆದವನಿಗೇ ಅದು ಕರುಣವೆಂದು ತಿಳಿದಿರಲಿಲ್ಲವಾದುದರಿಂದ ಅದರ ಬಲ ಹೆಚ್ಚು.

ಅಮುಂಡ್ಸೆನ್ನನ ಗ್ರಂಥವನ್ನು ಸ್ಕಾಟನದರೊಡನೆ ತೂಗುವವರು, ಒಂದೇ ಪೀಠಭೂಮಿಯು ಒಬ್ಬನಿಗೆ ಘೋರವಾಗಿಯೂ ಇನ್ನೊಬ್ಬನಿಗೆ ವಿನೋದಾಸ್ಪದವಾಗಿಯೂ ಕಂಡಿತೆಂದು ಅವರವರ ಶೀಲಭೇದವನ್ನು ಕಾರಣವಾಗಿ ಹೇಳುವುದುಂಟು. ಬಿರುಕುಗಳಿಂದ ಟೊಳ್ಳಾದ ಹಿಮದ ಹರವಿಗೆ ಪಿಶಾಚಿಯ ನರ್ತನಶಾಲೆಯೆಂದು ಅಮುಂಡ್ಸೆನ್ ಹೆಸರಿಟ್ಟದ್ದು, ಬಾಲ್ಯದಿಂದ ಉತ್ತರಧ್ರುವವನ್ನು ಬಯಸಿದವನು ದಕ್ಷಿಣಧ್ರುವದಲ್ಲಿ ನಿಂತ ವಿರೋಧಕ್ಕೆ ತಾನೇ ನಕ್ಕದ್ದು, ಇವು ಶೀಲದ ಗುರುತುಗಳೇ ಸರಿ. ಅವನ ಜಾರುಬಂಡಿಗಳನ್ನು ನಾಯಿಗಳು ಎಳೆದುವೆಂಬುದೂ ಸತ್ಯ. ಆದರೆ ತಿಥಿಯನ್ನು ಲೆಕ್ಕಕ್ಕೆ ತೆಗೆದುಕೊಳ್ಳದ ವಿಮರ್ಶೆ ಅಪೂರ್ಣ. ಧ್ರುವದಲ್ಲಿ ಡಿಸೆಂಬರ್ ಮತ್ತು ಜನವರಿ ತಿಂಗಳ ಸರಾಸರಿ ಉಷ್ಣಮಾನ ಸೊನ್ನೆಗಿಂತ ಸುಮಾರು ೨೮ ಡಿಗ್ರಿ ಸೆಲ್ಸಿಯಸ್ ಕೆಳಗಿರುತ್ತದೆ. ಫೆಬ್ರವರಿಯಲ್ಲಿ ಸುಮಾರು ೪೦ಕ್ಕೂ ಮಾರ್ಚಿಯಲ್ಲಿ ಸುಮಾರು ೫೪ಕ್ಕೂ ಇಳಿಯುತ್ತದೆ. ಅಲ್ಲಿಯ ಬೇಸಗೆಯು ಮೊನಚಾದ ಶಿಖರದಂತೆ. ಏರಿದವನು ತಡಮಾಡದೆ ಇಳಿಯಬೇಕು. ಅಮುಂಡ್ಸೆನ್ ಶಿಖರದ ಮೊದಲ ಇಳಿಜಾರಿನಲ್ಲೇ ಹಿಂದಿರುಗಿದನು. ಐದು ವಾರ ತಡವಾಗಿ ಬಂದ ಸ್ಕಾಟನ ಮೇಲೆ ಶಿಖರವೇ ಕುಸಿಯತೊಡಗಿತ್ತು. ಇಬ್ಬರ ಶೈಲಿಯ ಅಂತರದಲ್ಲಿ ಒಂದು ಪಾಲು ಪಂಚಾಂಗಕ್ಕೆ ಸೇರಿದ್ದು.

ಚಳಿಗಾಲದ ಪೀಠಭೂಮಿಯನ್ನು ಈ ಇಬ್ಬರೂ ಕಾಣಲಿಲ್ಲ. ೧೯೫೭ರಲ್ಲಿ ಧ್ರುವದಲ್ಲೇ ಚಳಿಗಾಲವನ್ನು ಕಳೆದ ಮೊದಲ ತಂಡದ ನಾಯಕನಾದ ಸೈಪಲ್‌ನ ಗ್ರಂಥವು ಆ ಕೊರತೆಯನ್ನು ತುಂಬುತ್ತದೆ. ಆ ವರ್ಷದ ಸೆಪ್ಟೆಂಬರಿನಲ್ಲಿ, ಸೂರ್ಯನು ಹುಟ್ಟುವುದಕ್ಕೆ ಕೆಲವೇ ದಿನಗಳಿರುವಾಗ, ಉಷ್ಣಮಾನವು ಸೊನ್ನೆಗಿಂತ ೭೪.೫ ಡಿಗ್ರಿ ಸೆಲ್ಸಿಯಸ್ ಕೆಳಕ್ಕೆ ಇಳಿಯಿತು. ನಡುರಾತ್ರಿಯಲ್ಲೇ ಅತಿಶೈತ್ಯವೆಂಬ ಊಹೆಗೆ ಇದು ವಿರುದ್ಧ. ಅಲ್ಲಿಯ ಚಳಿಗಾಲಕ್ಕೆ ನಡುವೆಂಬುದೇ ಇಲ್ಲ: ಮಾರ್ಚಿಯಲ್ಲಿ ಥಟ್ಟನೆ ಇಳಿದ ಉಷ್ಣಮಾನ ಸೆಪ್ಟೆಂಬರಿನವರೆಗೆ ಹೆಚ್ಚುಕಡಿಮೆ ಒಂದೇ ಮಟ್ಟದಲ್ಲಿ ಹಬ್ಬಿರುತ್ತದೆ. ಹಿಮದ ಮೈ ತನ್ನ ಶಾಖವನ್ನು ಆಕಾಶಕ್ಕೆ ಸೂಸಿ ಮೇಲಿನ ಗಾಳಿಗಿಂತಲೂ ಹೆಚ್ಚಾಗಿ ತಣ್ಣಗಾಗುತ್ತದೆ. ಆದುದರಿಂದ ಕೆಲವು ನೂರು ಮೀಟರ್ ಮೇಲೆ ಇರುವುದಕ್ಕಿಂತ ನೆಲದಲ್ಲೇ ಚಳಿ ಹೆಚ್ಚು. ಹೀಗೆ ಭಾರವಾದ ತಂಗಾಳಿಯು ನೀರಿನಂತೆ ಇಳುಕಲನ್ನು ಹಿಡಿದು ಕರಾವಳಿಯ ಕಡೆಗೆ ಹರಿಯುತ್ತದೆ. ೧೯೮೩ರ ಜುಲೈ ೨೧ರಂದು ೩,೪೮೮ ಮೀಟರ್ ಎತ್ತರದ ವೋಸ್ಟೋಕ್ ನೆಲೆಯಲ್ಲಿ ಸೊನ್ನೆಗಿಂತ ೮೯.೨ ಡಿಗ್ರಿ ಕೆಳಗಿನ ಶೈತ್ಯವು ದಾಖಲಾದದ್ದು ಇದೇ ಕಾರಣಪರಂಪರೆಯಿಂದ.

ಈ ಹವಾಗುಣದ ತಿಳಿವಳಿಕೆಯಿಂದ ಸ್ಕಾಟನ ಕೊನೆಯ ಸಂದೇಶವನ್ನು ಮರಳಿ ಓದಬೇಕು. ಅದು ವಾಗ್ಮಿತೆಯ ಮಾದರಿಯೆಂದು ಪ್ರಸಿದ್ಧ. ವಸ್ತುತಃ ಅದೊಂದು ಅನುಮಾನವಾಕ್ಯ. ತಮ್ಮ ನಾಶಕ್ಕೆ ನಿರೀಕ್ಷಿಸಲಾಗದ ಹವೆಯು ಕಾರಣವೆಂಬುದು ಪ್ರತಿಜ್ಞೆ. ಪೀಠಭೂಮಿಯ ಮೇಲೆ ೮೫, ೮೬ ಡಿಗ್ರಿ ಅಕ್ಷಾಂಶಗಳಲ್ಲಿ ಫ್ಯಾರನ್‌ಹೀಟಿನ ಸೊನ್ನೆಗಿಂತ ೨೦ರಿಂದ ೩೦ ಡಿಗ್ರಿ ಕೆಳಗಿದ್ದರೆ, ಅದಕ್ಕಿಂತ ೧೦,೦೦೦ ಅಡಿ ಕೆಳಗಿನ, ೮೨ ಡಿಗ್ರಿ ಅಕ್ಷಾಂಶದ ಹಿಮತಟದಲ್ಲಿ ಹಗಲು ೩೦, ರಾತ್ರಿ ೪೭ ಡಿಗ್ರಿ ಕೆಳಗಿತ್ತೆಂಬುದು ಹೇತು. ಕೇಳುವುದಕ್ಕೆ ಹೇತು ಪ್ರಬಲವಾಗಿದೆ, ಪರೀಕ್ಷಿಸಿದರೆ ದುಷ್ಟವಾಗಿದೆ. ಮೊದಲ ಅಂಕಿಗಳು ಬೇಸಗೆಯವು, ಎರಡನೆಯವು ಶರತ್ಕಾಲದವು; ಗಾಳಿಯಿಲ್ಲದ ನಿರ್ಮಲವಾದ ರಾತ್ರಿಗಳಲ್ಲಿ ತಂಗಾಳಿಯು ತಗ್ಗಿನಲ್ಲೇ ನೆಲಸುವುದರಿಂದ ಎತ್ತರ ತಗ್ಗಿದಂತೆ ಚಳಿ ತಗ್ಗಬೇಕೆಂಬ ವ್ಯಾಪ್ತಿಯೂ ಅಲ್ಲಿ ನಿಲ್ಲುವುದಿಲ್ಲ. ಹಾಗಾದರೆ ಪ್ರತಿಜ್ಞೆಯೂ ಬಿದ್ದುಹೋಯಿತೇ? ಇಲ್ಲ. ಸೂಸನ್ ಸಾಲೊಮನ್ ಮತ್ತು ಚಾರ್ಲ್ಸ್ ಸ್ಟರ್ನ್ಸ್ ೧೯೯೯ರಲ್ಲಿಯೂ, ಸಾಲೊಮನ್ ‘ದಿ ಕೋಲ್ಡೆಸ್ಟ್ ಮಾರ್ಚ್’ ಎಂಬ ೨೦೦೧ರ ಗ್ರಂಥದಲ್ಲಿಯೂ, ಆ ದಾರಿಯಲ್ಲಿ ನೆಟ್ಟ ಸ್ವಯಂಚಾಲಿತ ಹವಾಯಂತ್ರಗಳ ಹಲವು ವರ್ಷಗಳ ಲೆಕ್ಕದೊಡನೆ ದಿನಚರಿಯ ಅಂಕಿಗಳನ್ನು ಹೋಲಿಸಿ, ೧೯೧೨ರ ಮಾರ್ಚಿಯ ಚಳಿಯು ವಾಡಿಕೆಗಿಂತ ಫ್ಯಾರನ್‌ಹೀಟಿನ ೧೦ರಿಂದ ೨೦ ಡಿಗ್ರಿಯಷ್ಟು ಮಿಗಿಲಾಗಿತ್ತೆಂದು ತೋರಿಸಿದರು. ಸಾಧ್ಯವು ಸತ್ಯ, ಕೊಟ್ಟ ಹೇತು ಮಾತ್ರ ಅಸಾಧು. ಇಲ್ಲಿ ಗಮನಿಸಬೇಕಾದುದೇನೆಂದರೆ, ಸ್ಕಾಟನ ಪರವಾಗಿ ಸಾಕ್ಷ್ಯ ನುಡಿದುದು ಅವನ ವಾಗ್ಮಿತೆಯಲ್ಲ. ಓದುಗರು ಹಾರಿಸಿಬಿಟ್ಟ ದಿನದಿನದ ಅಂಕಿಗಳು. ನಾಯಕತ್ವದಲ್ಲಿಯೂ ಏರ್ಪಾಡಿನಲ್ಲಿಯೂ ಇದ್ದ ಲೋಪಗಳು ಅದರಿಂದ ಅಳಿಸಿಹೋಗುವುದಿಲ್ಲ. ಆದರೆ ಹವೆಯ ಮಾತು ನೆಪವೆಂದು ಹೀಗಳೆಯುವುದು ಇನ್ನು ನ್ಯಾಯವಲ್ಲ.

ಹಾಗಾದರೆ ಉಷ್ಣಮಾಪಕದ ಅಂಕಿಯೇ ಕಾವ್ಯವೆಂದು ಹೇಳಿದಂತಾಗಲಿಲ್ಲವೇ ಎಂದು ಕೇಳಬಹುದು. ಅದಕ್ಕೆ ಉತ್ತರವು ಆ ಯಾತ್ರೆಯ ಇನ್ನೊಂದು ಗ್ರಂಥದಲ್ಲಿಯೇ ಇದೆ. ಸ್ಕಾಟನ ಪಂಗಡದ ಹವಾಶಾಸ್ತ್ರಜ್ಞನಾದ ಜಾರ್ಜ್ ಸಿಂಪ್ಸನ್ ಭಾರತದ ಹವಾಮಾನ ಇಲಾಖೆಯಲ್ಲಿ ಸಿಮ್ಲಾದಲ್ಲಿ ಕೆಲಸ ಮಾಡಿದವನು. ಆ ಯಾತ್ರೆಯ ಹವಾವಿಚಾರವನ್ನು ಕುರಿತ ಅವನ ಬೃಹದ್ಗ್ರಂಥದ ಮೊದಲ ಸಂಪುಟವು ೧೯೧೯ರಲ್ಲಿ ಕಲ್ಕತ್ತೆಯಲ್ಲಿ ಪ್ರಕಟವಾಯಿತು. ಅದರ ಕೋಷ್ಟಕಗಳು ಉತ್ತಮವಾದ ಶಾಸ್ತ್ರ. ಅವನ್ನು ಕಾವ್ಯವೆಂದು ಯಾರೂ ಹೇಳಬೇಕಾಗಿಲ್ಲ. ಕೋಷ್ಟಕದಲ್ಲಿ ಅಂಕಿಯು ಇತರ ಅಂಕಿಗಳೊಡನೆ ಸೇರಿ ಸಾಮಾನ್ಯಕ್ಕೆ ನೆರವಾಗುತ್ತದೆ. ದಿನಚರಿಯಲ್ಲಿ ಅದೇ ಅಂಕಿ ಒಂದು ಬೆಳಗಿಗೆ, ಒಂದು ಡೇರೆಗೆ, ಬೆರಳು ಮರಗಟ್ಟಿದ ಒಬ್ಬ ಮನುಷ್ಯನಿಗೆ ಸೇರಿ ವಿಶಿಷ್ಟವಾಗುತ್ತದೆ. ಅಂಕಿ ಒಂದೇ, ವ್ಯಾಪಾರ ಬೇರೆ. ವಾರ್ತೆಯನ್ನು ಸ್ವಭಾವೋಕ್ತಿಯಿಂದ ಬೇರ್ಪಡಿಸುವ ಗೆರೆ ಇಲ್ಲಿದೆ. ಭಾಮಹನ ಆಕ್ಷೇಪವು ಸಾಮಾನ್ಯವಾದ ಮಾತಿಗೆ ಮಾತ್ರ ತಗಲುವುದು. ವಿಶಿಷ್ಟವನ್ನು ಕಂಡು ಹೇಳಿದ ಮಾತಿಗೆ ತಗಲದು.

ಇಂಥ ಗ್ರಂಥಗಳನ್ನು ಕನ್ನಡಿಸಲು ಹೊರಡುವವರಿಗೆ ಈ ವಿಚಾರವು ಅಪ್ರಕೃತವಲ್ಲ. ಕನ್ನಡದಲ್ಲಿ ‘ಮಂಜು’ ಎಂಬ ಒಂದೇ ಪದವು ಬೆಳಗಿನ ಇಬ್ಬನಿಗೂ, ಮಲೆನಾಡಿನ ಕಾವಳಕ್ಕೂ, ಬೆಟ್ಟದ ತುದಿಯ ಹಿಮಕ್ಕೂ ಸಲ್ಲುತ್ತಿದೆ. ನಾಡಿನ ಹವೆಗೆ ಅಷ್ಟು ಸಾಕು, ಧ್ರುವಪೀಠಭೂಮಿಗೆ ಸಾಲದು. ಬೀಳುವ ಹಿಮ, ಅದುಮಿ ಗಟ್ಟಿಯಾದ ಹಿಮ, ಮಂಜುಗಡ್ಡೆ, ಗಾಳಿಯಲ್ಲಿ ತೇಲುವ ಹಿಮರಜ, ಗಾಳಿಯು ಕೆತ್ತಿ ನಿಲ್ಲಿಸಿದ ಹಿಮದ ಏಣುಗಳು — ಇವು ಬೇರೆ ಬೇರೆ ವಸ್ತುಗಳು. ಬಂಡಿಯನ್ನೆಳೆಯುವವನಿಗೆ ಒಂದೊಂದೂ ಒಂದೊಂದು ಬಗೆಯ ಕಷ್ಟ. ಕೊನೆಯದಕ್ಕೆ ಇಂಗ್ಲಿಷಿನವರು ರಷ್ಯನ್ ಭಾಷೆಯಿಂದ ‘ಸಸ್ತ್ರುಗಿ’ ಎಂಬ ಪದವನ್ನು ಎರವಲು ತಂದರು. ಕನ್ನಡವು ಅದನ್ನೇ ತರಬಹುದು, ಇಲ್ಲವೆ ‘ಹಿಮದೇಣು’ ಎಂದು ತನ್ನದೇ ಮಾತನ್ನು ಕಟ್ಟಬಹುದು. ಆದರೆ ಎಲ್ಲವನ್ನೂ ಮಂಜೆಂದು ಕರೆದು, ಮೇಲೆ ಘೋರ, ಭೀಕರ, ರುದ್ರರಮಣೀಯವೆಂಬ ವಿಶೇಷಣಗಳನ್ನು ಹೊರಿಸಿದರೆ, ಉಳಿಯುವುದು ಉದ್ಗಾರ ಮಾತ್ರ. ಮರಳಿನಂತೆ ಬಂಡಿಯನ್ನು ಹಿಡಿದ ಹಿಮವೂ, ಅದರ ಮೇಲೆ ಕಳೆದ ಅರ್ಧಗಂಟೆಯ ಲೆಕ್ಕವೂ ಓದುಗನಿಗೆ ಮುಟ್ಟುವುದಿಲ್ಲ.